ಫಕೀರಬಿ ಸಾಲು

ಯಳವತ್ತಿ
೧೪ ಜುಲೈ ೨೦೨೪

ನನ್ನ ಗೆಳತಿ ಮುಮ್ತಾಜಗೆ,

ಯುಗಾದಿ ಮುಂದ ನೀ ಬರೆದ ಕಾಗದಕ್ಕ ಈಗ ಉತ್ತರ ಬರ್ಯಾಕತ್ತೀನಿ. ಬೈ, ಎಷ್ಟ ಬೈತಿ ಬೈ. ಮೊಣಕಾಲ ಹಿಡಕೊಂಡಿತ್ತು, ಕಣ್ಣಿನ ಪರದಿ ತಗಸಿದ್ರು ಅಂತ ನೆವ ಹೇಳಬಹುದು. ಎಲ್ಲಾ ಖರೇನ. ಆದ್ರ ಬರಿಯಾಕ ಅವ್ಯಾವೂ ಅಡ್ಡ ಬಂದಿರಲಿಲ್ಲ.

"ಅಮ್ಮ ಹಾಸಿಗಿ ಹಿಡದಾಳ. ಊರಾಗ ಆ ಮಾತು ಇನ್ನೂ ಅಂತಾರೇನು, ಸುಮಿತ್ರಾನ್ನ ಕೇಳು ಅಂತ ದಿನಾ ಗಂಟ ಬಿದ್ದಾಳ" ಅಂತ ಬರದಿದ್ದಿ. ಹೌದು ಇಲ್ಲಾ ಅಂತ ತಿಳಿಸಿದ್ರ ಮುಗೀತಿತ್ತು. ನಾಕ ತಿಂಗಳ ದಾಟಿಸಿದೆ. ಹೋದ ವಾರ ನಿನ್ನ ತಮ್ಮ ನವಾಜ ಫೋನ ಮಾಡಿ, "ಅಮ್ಮ ಹೋದ್ಲು ಅಕ್ಕಾರ, ಮಣ್ಣಿಗೆ ಬರ್ರಿ" ಅಂದ. ಬರಲಿಲ್ಲ. ಬೆಟಗೇರಿ ಏನ ಮುಂಬಯಿನ? ಒಂದೂವರಿ ತಾಸಿನ ಹಾದಿ. ಸೀರಿ ಉಟಗೊಂಡು ಬಸ್‌ಸ್ಟ್ಯಾಂಡಿನ ಮಟಾ ಹೋಗಿ ತಿರಿಗಿ ಬಂದೆ.

ಇಲ್ಲಿ ಖಬರ ಹೇಳಬೇಕು. ಸೊಸಿ ನೇತ್ರಾ ಊರಾಗಿನ ವಿಚಿತ್ರ ಮಾತೆಲ್ಲಾ ಕೂಡಿಸಿ, ಅವು ಹೆಂಗ ಹುಟ್ಟಿದ್ವು, ಅರ್ಥ ಏನು ಅಂತ ಒಂದ ಸಣ್ಣ ಪುಸ್ತಕ ಮಾಡ್ಯಾಳ. ತಡಾಗಿ ಬಂದಾರಿಗೆ 'ಮುದುಕವ್ವನ ಗಡಿಯಾರ' ಅಂತೀವಲ್ಲ, ಯಾಕ ಅಂತ ಕೇಳಿದ್ಲು. ಮುದುಕವ್ವ ಶಿರಹಟ್ಟಿ ಬಸ್ಸ ಬಂದಾಗ ಹತ್ತ ಹೊಡೀತು ಅಂತಿದ್ಲು, ಆ ಬಸ್ಸ ಎಂದೂ ಹೊತ್ತಿಗೆ ಬರಲಿಲ್ಲ ಅಂತ ಹೇಳಿದೆ. 'ಮಲಂಗಸಾಬನ ಛತ್ರಿ' ಅಂದ್ರ? ಹೊಸಾ ಛತ್ರಿ ತೊಯ್ದೀತು ಅಂತ ಬಗಲಾಗ ಮುಚ್ಚಿಟಗೊಂಡು, ತಾನ ಮಳ್ಯಾಗ ತೊಯ್ಕೊಂತ ಹೋದ ಪುಣ್ಯಾತ್ಮ. ಹೇಳಿ ಹೇಳಿ ಹೊಟ್ಟಿ ಹಿಡಕೊಂಡು ನಕ್ಕೆ.

ಆಮ್ಯಾಲ ಆಕಿ, "ಅತ್ತಿ, 'ಫಕೀರಬಿ ಸಾಲು' ಎಲ್ಲಿಂದ ಬಂತರಿ?" ಅಂದ್ಲು.

ನಾ ಮೊರಾ ತಗೊಂಡು ಅಕ್ಕಿ ಆರಿಸಾಕತ್ತಿದೆ. ಕಟ್ಟಿ ಮ್ಯಾಲ ಕುಂತಿದ್ದ ಬಾಜೂ ಮನಿ ಸಾವಿತ್ರೆವ್ವ ತಾನ ಹೇಳಿದ್ಲು: "ನಂಬಿಸಿ ಕೈ ಕೊಡೂದಕ್ಕ ಹಂಗಂತಾರವಾ. ಇವರಪ್ಪ ನಿಜಲಿಂಗಪ್ಪನ ಹೊಲದಾಗ ಶೇಂಗಾ ಬಿತ್ತಾಕ ಬಂದಾಕಿ, ಬೀಜ ಉಡ್ಯಾಗ ತುಂಬ್ಕೊಂಡು ಮನಿಗೆ ಒಯ್ದ್ಲು. ನಾಕ ಸಾಲ ಸಸಿ ಏಳದ ಬಯಲ ಬಿದ್ವು. ನಿಮ್ಮ ಅತ್ತೀನ್ನ ಕೇಳು, ಖರೆನೋ ಸುಳ್ಳೋ." ನೇತ್ರಾ ನನ್ನ ಮಾರಿ ನೋಡಿದ್ಲು. ನಾ ಹೌದು ಅಂದೆ. ಬರಕೊಂಡ್ಲು.

ಅಯ್ಯ ಶಿವನ, ಎಂಥಾ ಕೈ ಅದು ನಿಮ್ಮವ್ವಂದು! ಎತ್ತು ಎಳಿಯೋ ಕೂರಿಗಿ ಹಿಂದ ನಡಕೊಂತ ಅದರ ಬಟ್ಟಲಕ್ಕ ಬೀಜ ಬಿಟ್ರ, ಗೇಣಿಗೊಂದು ಸಸಿ ಅಳದಂಗ ಏಳತಿತ್ತು. ಮಳಿ ಆದ ಕೂಡಲೆ ಬಾಳೆಹೊಸೂರಿಂದ ಸೈತ ಕರಿಯಾಕ ಬರತಿದ್ರು. ಬಿತ್ತುವಾಗ ಹಿಂದ ತಿರಿಗಿ ನೋಡಬಾರದು ಅನ್ನೂದು ನಮ್ಮಪ್ಪನ ನೇಮ. ಎತ್ತ ಹೊಡ್ಯಾಂವ ತಾನು, ಹಿಂದ ಫಕೀರಬಿ ಅದಾಳ, ನನಗ್ಯಾತರ ಚಿಂತಿ ಅಂತಿದ್ದ. ಆ ನಾಕ ಸಾಲ ಬಯಲ ಬಿದ್ದ ಮ್ಯಾಲ ಯಾರೂ ಆಕಿನ್ನ ಹೊಲಕ್ಕ ಕರೀಲಿಲ್ಲ. ದೀಪಾವಳಿಯೊಳಗ ನೀವು ಬೆಟಗೇರಿಗೆ ಹೋದ್ರಿ. ಅಂಥಾ ಕೈ ಮಗ್ಗದ ಮನ್ಯಾಗ ನೂಲಿನ ಕಂಡಿಕಿ ಸುತ್ತಿ ಸುತ್ತಿ ಸವೀತು.

ಪುಸ್ತಕ ಅಚ್ಚಾಗಿ ಬಂದೈತಿ. ಇಪ್ಪತ್ತೊಂದನೇ ಪುಟ. ಹರದ ಒಲಿಗೆ ಹಾಕಬಹುದು, ಮಂದಿ ಬಾಯಾಗಿಂದ ಹೆಂಗ ಹರೀಲಿ? ಮೊನ್ನೆ ನನ್ನ ಗುಳಗಿ ತರೂದು ಮಗ ಮರತ ಬಂದ. ಮೊಮ್ಮಗಳು ಕಾಂಚನಾ, ಆರ ವರ್ಷದ್ದು, "ಅಪ್ಪಾ, ಫಕೀರಬಿ ಸಾಲ ಮಾಡಿದಿ" ಅಂತು. ಮನಿಮಂದೆಲ್ಲಾ ನಕ್ರು. ನಾನೂ ನಕ್ಕೆ ಮುಮ್ತಾಜ. ನನ್ನ ಬಾಯಿಗೆ ಹುಳಾ ಬೀಳಲಿ.

ಈ ಊರಾಗ ಆಕಿ ಮಾರಿ ಕಂಡಾರು ಇನ್ನ ಐದಾರು ಮಂದಿ. ನಾವೆಲ್ಲಾ ಹೋಗತೀವಿ, ಆ ಮಾತ ಉಳೀತೈತಿ. ಇದಕ್ಕ ಯಾವ ದಾರೀನೂ ನನಗ ಕಾಣವಲ್ದು.

ನವಾಜನ ಮಕ್ಕಳು ತಣ್ಣಗಿರಲಿ. ನಿನ್ನ ಸಕ್ಕರಿ ಕಾಯಿಲಿಗೆ ಹೊತ್ತಿಗೆ ಸರಿ ಉಣ್ಣು. ನನ್ನ ಆಯುಷ್ಯದಾಗ ಉಳದದ್ದು ನಿನಗಿರಲಿ.

ನಿನ್ನ,
ಸುಮಿತ್ರಾ

ತಾ.ಕ.: ಲಕೋಟಿ ಅಂಟಿಸಿದ್ದೆ, ಮತ್ತ ಬಿಚ್ಚಿದೆ. ಆವತ್ತ ಬಿತ್ತುವಾಗ ಹೊಲದ ಬದುವಿನ ಗುಡಾರದಾಗ ನವಾಜ ಅಳಾಕತ್ತಿದ್ದ, ಮೂರ ತಿಂಗಳ ಕೂಸು. ನೀ ಜ್ವರಾ ಬಂದು ಮನ್ಯಾಗ ಮಲಗಿದ್ದಿ. ನಿಮ್ಮವ್ವ ಬೀಜದ ಉಡಿ ನನ್ನ ನಡಕ್ಕ ಕಟ್ಟಿ, "ಕೂಸಿಗೆ ಹಾಲ ಕುಡಿಸಿ ಬರತೀನಿ, ಒಂದೊಂದ ಬಿಡು ಮಗಳ" ಅಂತ ಹೋದ್ಲು. ನನಗ ಹನ್ನೊಂದ ವರ್ಷ. ನಮ್ಮಪ್ಪ ಹಿಂದ ನೋಡಲಿಲ್ಲ. ಒಂದೊಂದ ತಿಂದೆ, ಆಮ್ಯಾಲ ಮುಕ್ಕಿದೆ. ಆಕಿ ಬಂದು ನನ್ನ ತುಟಿ ಮ್ಯಾಗಿನ ಕೆಂಪ ಸಿಪ್ಪಿ ಸೆರಗಿಲೆ ಒರಸಿ, "ನೀರ ಕುಡಿ, ಹೊಟ್ಟಿ ನೊಂದೀತು" ಅಂದ್ಲು, ಅಷ್ಟ.

ಹತ್ತ ದಿನದ ಮ್ಯಾಲ ಊರ ಮಂದಿ ಮುಂದ ನಮ್ಮಪ್ಪ ಆಕಿಗೆ "ಕಳ್ಳಿ" ಅಂದಾಗ, ಆಕಿ ನನ್ನ ಕಡೆ ಒಮ್ಮೆ ನೋಡಿದ್ಲು. ನಾ ನೆಲಾ ನೋಡಿದೆ. ಆಕಿ ನನ್ನ ಹೆಸರ ಹೇಳಲಿಲ್ಲ.