ನಾನು ನೋಡದ ಒಲೆ

ಜುಗೂಳ, ತಾ. ಅಥಣಿ
ದಿ. ೧೯-೧-೧೯೮೭

ಪ್ರೀತಿಯ ತಂಗಿ ಅಕ್ಕುತಾಯಿಗೆ ನಿನ್ನ ದಾದಾ ಭೂಪಾಲನ ಆಶೀರ್ವಾದಗಳು.

ಮೊಣಕಾಲು ಹೇಗಿದೆ? ಡಾಕ್ಟರು ಕೊಟ್ಟ ಎಣ್ಣೆ ತಿಕ್ಕಿಕೊಳ್ಳುತ್ತೀಯೋ, ಸೀಸೆ ಕಪಾಟಿನಲ್ಲೇ ಕೂತಿದೆಯೋ? ಪಾರಿಸಪ್ಪನವರ ಕೆಮ್ಮು ಕಡಿಮೆಯಾಗಿದ್ದರೆ ಒಂದು ಕಾರ್ಡು ಹಾಕು. ನಿನ್ನ ವೈನಿ ಆರಾಮ ಇದ್ದಾಳೆ. ನಾನು ಮಾತ್ರ ಎಂಟು ದಿನದಿಂದ ಊಟಕ್ಕೆ ಕೂತವನು ಅರ್ಧಕ್ಕೇ ಏಳುತ್ತೇನೆ. ಕಾರಣ ಹೇಳುತ್ತೇನೆ, ಸಮಾಧಾನದಿಂದ ಓದು.

ನಮ್ಮ ಓಣಿಯ ಗೌರಾಬಾಯಿಯ ಕೊಲೆಗೆ ಬಾಪುಸಾಹೇಬರ ತೋಟದ ಆಳು ಉತ್ತಮನಿಗೆ ಗಲ್ಲಿನ ತೀರ್ಪು ಆದದ್ದು ನಿನಗೆ ಗೊತ್ತು. ಅವನೇ ತೋರಿಸಿ, ತನ್ನ ಗುಡಿಸಲಿನ ಒಲೆಯ ಕೆಳಗಿಂದ ಆಕೆಯ ಕೈಯ ಬಂಗಾರದ ಪಾಟ್ಲಿ ಅಗೆದು ಕೊಟ್ಟನೆಂದೂ ನಾವು ಇಬ್ಬರು ಪಂಚರು ಕಣ್ಣಾರೆ ಕಂಡೆವೆಂದೂ ಪಂಚನಾಮೆ. ಕಂಡದ್ದೆಲ್ಲಿ? ಅಂದು ದಶಲಕ್ಷಣ ಪರ್ವದ ಉಪವಾಸ, ನಾನು ಬಸದಿಯ ಕಟ್ಟೆಯ ಮೇಲಿದ್ದೆ. ಪೊಲೀಸ್ ಫೌಜದಾರ ಅಲ್ಲಿಗೇ ಕಾಗದ ತಂದು, "ನಿಮ್ಮಂಥಾವ್ರ ಸಹಿ ಇದ್ರ ಕೋರ್ಟ್ ನಂಬತೈತ್ರಿ" ಎಂದ. ನನಗೂ ಹಿಗ್ಗಾಯಿತು, ಸುಳ್ಳೇಕೆ. ಪೆನ್ನು ತಂದುಕೊಟ್ಟವಳು, ಪರ್ವಕ್ಕೆಂದು ತವರಿಗೆ ಬಂದಿದ್ದ ನೀನೇ. "ದಾದಾ, ಉಪಾಸ ಇದ್ರೂ ಸಹಿ ಮಾತ್ರ ದಪ್ಪನ್ನ ಹಾಕ್ತಿ ನೋಡು" ಎಂದು ನೀನು ನಕ್ಕಿದ್ದೆ. ಮುಂದೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ನೋಡಿದೆ ಎಂದೆ. ನನಗೆ ಸುಳ್ಳು ಹೇಳುವ ಕಾರಣವಿಲ್ಲವೆಂದು ಜಡ್ಜರು ತೀರ್ಪಿನಲ್ಲೇ ಬರೆದಿದ್ದಾರೆ.

ಹೋದ ವಾರ ಉತ್ತಮನ ತಾಯಿ ಕೆಂಚವ್ವ ಬಂದಿದ್ದಳು. ಬೈಯಲಿಕ್ಕೆ ಬಂದಳೆಂದುಕೊಂಡೆ. ಆಕೆ ಕೇಳಿದ್ದೇ ಬೇರೆ. "ಯಪ್ಪಾ, ಒಲಿ ಅಗಿಯೂ ಮುಂದ ನನ್ನ ಮಗಾ ಅಳಾಕತ್ತಿದ್ನೇನ್ರಿ? ಬಡದಿದ್ರೇನ್ರಿ ಅವನ್ನ? ಇನ್ನೊಬ್ಬ ಪಂಚಾ ಸತ್ತ ಹೋದ. ಅವತ್ತ ಅವನ್ನ ನೋಡಿದಾವ್ರು ನೀವೊಬ್ರ ಉಳದೀರಿ." ನೀರು ಕೊಟ್ಟೆ, ಮುಟ್ಟಲಿಲ್ಲ. ಕಡೆಗೆ, "ಕೆಂಚವ್ವಾ, ನಾ ನೋಡಿಲ್ಲ" ಎಂದೆ. ಮುದುಕನಿಗೆ ಮರೆವು ಎಂದು ತಿಳಿದಳೋ ಏನೋ, "ನಿಧಾನಕ್ಕ ನೆನಪ ಮಾಡ್ಕೋರಿ, ನಾ ಕುಂದರತೀನಿ" ಎಂದು ಹೊಸ್ತಿಲ ಹತ್ತಿರ ಕೂತೇಬಿಟ್ಟಳು.

ಉತ್ತಮ ಕೊಂದಿಲ್ಲ ಎಂದು ನಾನು ಹೇಳಲಾರೆ. ಕೊಂದಿರಲೂಬಹುದು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದದ್ದೇ ನನ್ನ ಪಾಪ. ಜೈಲಿಗೆ ಹಾಕಿದರೆ ತಪ್ಪು ತಿಳಿದ ದಿನ ಬಾಗಿಲು ತೆಗೆದು ಕಳಿಸಬಹುದು. ಗಲ್ಲಿಗೆ ಹಾಕಿದ ಮೇಲೆ ಯಾರನ್ನು ಕರೆದು ತಪ್ಪಾಯಿತು ಅನ್ನುವುದು? ಗೌರಾಬಾಯಿಯನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೆ ನಮ್ಮಂಥವರ ಬಾಯಿಮಾತಿನ ಮೇಲೆ ಒಂದು ಜೀವ ತೆಗೆಯುವ ಶಿಕ್ಷೆ ಇರಬಾರದು ಎಂದು ಈ ಎಂಟು ದಿನ ಅನಿಸುತ್ತಿದೆ.

ಪಾರಿಸಪ್ಪನವರಿಗೆ ನಮಸ್ಕಾರ ಹೇಳು. ಮೊಮ್ಮಕ್ಕಳ ತಲೆ ಸವರು. ಜಿನೇಶ್ವರ ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ದಾದಾ,
ಭೂಪಾಲ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಗಲ್ಲು ಕಾಯಂ ಮಾಡುವ ವಿಚಾರಣೆ ಫೆಬ್ರವರಿ ಒಂಬತ್ತಕ್ಕೆ ಹೈಕೋರ್ಟಿನಲ್ಲಿದೆ. ನಾನೊಬ್ಬನೇ ಮಾತು ತಿರುಗಿಸಿದರೆ ಯಾರೋ ಕಲಿಸಿಕೊಟ್ಟದ್ದೆನ್ನುತ್ತಾರೆ, ಸಹಿಯ ಹೊತ್ತು ಜೊತೆಗಿದ್ದವರು ಬೇಕು ಎಂದರು ಚಿಕ್ಕೋಡಿಯ ಬಾಬಾಸಾಹೇಬ ವಕೀಲರು. ಇದ್ದವಳು ನೀನೊಬ್ಬಳೇ. ಗುರುವಾರ ಚಿಕ್ಕೋಡಿಗೆ ಬಂದು, ನಾನು ಅಂದು ಬಸದಿಯ ಕಟ್ಟೆ ಬಿಟ್ಟು ಏಳಲಿಲ್ಲವೆಂದು ಬರೆದುಕೊಡು. ಸುಳ್ಳು ಸಾಕ್ಷಿಗೆ ನನಗೆ ಜೈಲಾಗಬಹುದು ಎಂದೂ ಅವರು ಹೇಳಿದ್ದಾರೆ. ದಾದಾನನ್ನು ಉಳಿಸಿಕೊಳ್ಳಬೇಕೆಂದು ಮಾತ್ರ ಬರದೆ ಇರಬೇಡ, ತಂಗಿ.