ಎರಡು ಬೆರಳು ಕಡಿಮೆಯಾದ ಕಡ್ಡಿ

ಚಿಂಚವಾಡ
೩ ನವೆಂಬರ್ ೧೯೯೮

ಮಗಳೇ ನೀತಾ, ನಿನ್ನ ಮಾವನ ಆಶೀರ್ವಾದ.

ಬಾಣಂತಿ ಹೇಗಿದ್ದೀಯ? ಕೂಸು ಹಾಲು ಕುಡಿಯುತ್ತಿದೆಯೇ? ಜಮಖಂಡಿಯ ಥಂಡಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊ. ನೀನು ಮಾತು ಕೇಳುವವಳಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನೊಂದು ಸುದ್ದಿಯಿದೆ. ಹೆರಿಗೆ ಆಗುವ ತನಕ ಹೇಳಬಾರದೆಂದು ನಾನೂ ನಿನ್ನ ಗಂಡನೂ ಮುಚ್ಚಿಟ್ಟಿದ್ದೆವು. ಶೀತಲ್ ಆರಾಮಾಗಿದ್ದಾಳೆ, ಅವಳ ಎರಡೂ ಕಣ್ಣು ಕಾಣುತ್ತವೆ. ಇಷ್ಟನ್ನು ಎರಡು ಸಲ ಓದಿಕೊಂಡು ಮುಂದೆ ಹೋಗು.

ದೀಪಾವಳಿಗೆ ನಾಲ್ಕು ದಿನ ಮೊದಲು ನಾನು ಆಕಾಶಬುಟ್ಟಿಗೆ ಬಿದಿರು ಸೀಳುತ್ತಿದ್ದೆ. ನಿನ್ನ ಮಗಳು ಕೈಯಲ್ಲಿ ಒಂದು ಕಡ್ಡಿ ಹಿಡಿದು ಹೊಸ್ತಿಲಿಗೆ ಎಡವಿ ಬಿದ್ದಳು. ಮೇಲಿನ ರೆಪ್ಪೆಯಲ್ಲಿ ಅಕ್ಕಿಕಾಳಿನಷ್ಟು ಗಾಯ, ಎರಡು ಹನಿ ರಕ್ತ. ಓಣಿಯ ಡಾಕ್ಟರು ಎಕ್ಸ್‌ರೇ ತೆಗೆಸಿ, ಏನೂ ಇಲ್ಲವೆಂದು ಔಷಧದ ಹನಿ ಬರೆದುಕೊಟ್ಟರು. ಸಂಜೆಗೆ ಅವಳು ಆಡುತ್ತಿದ್ದಳು. ನನಗೆ ಮಾತ್ರ ಸಮಾಧಾನವಿಲ್ಲ. ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತು ವರ್ಷ ಕೂತವನ ಚಟ ನಿನಗೆ ಗೊತ್ತಲ್ಲ, ಪ್ರತಿ ಕಡ್ಡಿಯನ್ನೂ ಅಳೆದು ಗೇಣುದ್ದಕ್ಕೇ ಕತ್ತರಿಸಿದ್ದೆ. ಅವಳ ಕೈಯಲ್ಲಿದ್ದ ಕಡ್ಡಿ ಎರಡು ಬೆರಳು ಕಡಿಮೆ ಬಂತು. ಆ ತುಂಡು ಎಲ್ಲಿ ಹೋಯಿತು? ಮಂಚದ ಕೆಳಗೆ ಹುಡುಕಿದೆ, ಕಸದ ಬುಟ್ಟಿ ಸುರುವಿ ನೋಡಿದೆ. ಸಂಜು, ‘ಅಪ್ಪಾ, ಒಂದು ಕಡ್ಡಿ ಸಲುವಾಗಿ ಯಾಕ ಇಷ್ಟ ತಲಿ ಕೆಡಿಸ್ಕೋತೀರಿ’ ಎಂದ.

ಬೆಳಿಗ್ಗೆ ರೆಪ್ಪೆ ಊದಿತ್ತು. ಮುರಿದ ಕಡ್ಡಿಯನ್ನೂ ಇಡೀ ಕಡ್ಡಿಯೊಂದನ್ನೂ ಜೇಬಿಗೆ ಹಾಕಿಕೊಂಡು ಕಣ್ಣಿನ ಆಸ್ಪತ್ರೆಗೆ ಹೋದೆವು. ಇಂದೂ ಎಂಬ ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಕೂಡಲೇ ಸಿಟಿ ಸ್ಕ್ಯಾನಿಗೆ ಕಳಿಸಿದರು. ಒಣ ಕಟ್ಟಿಗೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲವಂತೆ. ಸ್ಕ್ಯಾನಿನಲ್ಲಿ ಗಾಳಿಯ ಹಾಗೆ ಒಂದು ಕಪ್ಪು ಗೆರೆ ಕಂಡಿತು: ರೆಪ್ಪೆಯ ಒಳಗೆ, ಕಣ್ಣುಗುಡ್ಡೆಯ ಮೇಲ್ಭಾಗದಲ್ಲಿ ನನ್ನ ಕಡ್ಡಿ ಕೂತಿತ್ತು. ಗುಡ್ಡೆ ಯಾಕೆ ಒಡೆಯಲಿಲ್ಲ ಎಂದು ಕೇಳಿದೆ. ಗುಡ್ಡೆ ಕೊಬ್ಬಿನ ನಡುವೆ ಜಾರುತ್ತದೆ, ಪುಣ್ಯಕ್ಕೆ ಸರಿದುಕೊಂಡಿದೆ ಎಂದರು. ಕಡ್ಡಿಯ ಮೇಲ್ಗಡೆ ಏನಿದೆ ಎಂದೆ. ಹಪ್ಪಳದಂಥ ತೆಳ್ಳಗಿನ ಎಲುಬು, ಅದರಾಚೆ ಮಿದುಳು. ಚಿಕ್ಕ ಮಕ್ಕಳಲ್ಲಿ ಅದು ಇನ್ನೂ ತೆಳುವಂತೆ.  ಆಪರೇಷನ್ ಮುಗಿದ ಮೇಲೆ ಆ ತುಂಡನ್ನು ಬೇಡಿ ಪಡೆದು ಜೋಡಿಸಿ ನೋಡಿದೆ. ಸರಿಯಾಗಿ ಒಂದು ಗೇಣು ಬಂತು. ಒಳಗೆ ಚೂರೂ ಉಳಿದಿಲ್ಲವೆಂದು ಡಾಕ್ಟರಿಗೂ ಧೈರ್ಯವಾಯಿತು.

ನಿನ್ನೆ ಪಟ್ಟಿ ಬಿಚ್ಚಿ, ಚೆನ್ನಾಗಿದ್ದ ಕಣ್ಣನ್ನು ಮುಚ್ಚಿ, ಏನು ಕಾಣುತ್ತದೆ ಎಂದು ಕೇಳಿದರು. ‘ಅಜ್ಜಾ, ನಿನ್ನ ಮೂಗಿನ್ಯಾಗ ಕೂದಲಾ ಅದಾವ’ ಎಂದಳು. ನಾನು ಅಲ್ಲೇ ಅತ್ತುಬಿಟ್ಟೆ.

ಬೀಗತಿಯವರಿಗೆ ನನ್ನ ಶರಣು. ಕೂಸಿನ ನೆತ್ತಿಗೆ ನನ್ನ ಹೆಸರಿನಲ್ಲಿ ಒಂದು ಮುದ್ದು ಕೊಡು.

ನಿನ್ನ ಮಾವ,
ಹೊಳಬಸಪ್ಪ

ತಾ.ಕ.: ಟಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಶೀತಲ್ ತಾನಾಗಿಯೇ ಕಡ್ಡಿ ಎತ್ತಿಕೊಂಡಳೆಂದು ಸಂಜು ತಿಳಿದಿದ್ದಾನೆ. ತರಲು ಹೇಳಿದವನು ನಾನು. ‘ಲಗೂ ಓಡಿ ಬಾ’ ಎಂದವನೂ ನಾನೇ. ಬೈಯುವಷ್ಟು ಬೈ. ಆದರೆ ಇಲ್ಲಿಗೆ ಬಂದ ಮೇಲೆ ಕೂಸನ್ನು ನನ್ನ ತೊಡೆಯ ಮೇಲೆ ಹಾಕುತ್ತೀಯೋ ಇಲ್ಲವೋ, ಅದೊಂದನ್ನು ಬರೆ.