ಅಟ್ಟದಿಂದ ಎಸೆದ ಡಬ್ಬ

ಗುರುವಾರ, 14

ಕಾಲು ಪದ ಹೇಳುತ್ತಿವೆ, ನಿದ್ದೆ ಮಾತ್ರ ಹತ್ತಿರ ಸುಳಿಯುತ್ತಿಲ್ಲ.

ಮೂರು ವರ್ಷದಿಂದ ನಮ್ಮ ಚಪ್ಪಲಿ ಅಂಗಡಿಯಲ್ಲಿ ಇದೇ ರೂಢಿ. ನಾನು ಕೆಳಗಿನಿಂದ ನಂಬರ್ ಕೂಗುವುದು, ಅವನು ಅಟ್ಟದಿಂದ ಡಬ್ಬ ಎಸೆಯುವುದು, ಗಿರಾಕಿಯ ಜೊತೆ ಮಾತಾಡುತ್ತಲೇ ನಾನು ಹಿಡಿಯುವುದು. ಪ್ರೀತಿ ಶುರುವಾಗಿದ್ದೂ ಹಾಗೇ. ಭಾನುವಾರ ಅವನ ಮನೆಯವರು ಅವನಿಗೆ ಬೇರೆ ಹೆಣ್ಣು ನಿಶ್ಚಯ ಮಾಡಿದರು, ಪುಣ್ಯಾತ್ಮ ತುಟಿಪಿಟಕ್ಕೆನ್ನಲಿಲ್ಲ. ಅವತ್ತಿನಿಂದ ಒಂದೊಂದು ಡಬ್ಬಕ್ಕೂ ಏಣಿ ಇಳಿದು ಬಂದು ಕೌಂಟರಿನ ಮೇಲಿಟ್ಟು ಹೋಗುತ್ತಾನೆ.

“ಎಸೀಬಹುದಲ್ಲ?” ಅಂದೆ.

“ಬಿದ್ರೆ?”

“ಇಷ್ಟು ದಿನದಲ್ಲಿ ಒಂದಾದ್ರೂ ಬೀಳಿಸಿದ್ದೀನಾ?”

ಮತ್ತೆ ಏಣಿ ಹತ್ತಿದ.

ಸಂಜೆಯ ನೂಕುನುಗ್ಗಲಲ್ಲಿ ಮರೆತು ಎಸೆದೇಬಿಟ್ಟ. ಕೈ ತಾನಾಗಿ ಏಳದಿರಲಿ ಎಂದು ಕೌಂಟರಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ. ಡಬ್ಬ ಬಿತ್ತು.

“ನಾನು ಹೇಳಲಿಲ್ವಾ?” ಅಂದ ಮೇಲಿನಿಂದ.

ಬೆರಳುಗಳು ಈಗಲೂ ನೋಯುತ್ತಿವೆ.